ಆರನೆಯ ಗುಳಿಗೆ

ಅವತ್ತು ಬೆಳಿಗ್ಗೆ ಜೈನುದ್ದೀನನ ಟೊಂಕ ನೋಯಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

ನಾಲ್ಕು ವರ್ಷದಿಂದ ಹಾಸಿಗೆ ಬಿಟ್ಟು ಏಳುವುದಕ್ಕೆ ಅವನದೊಂದು ಕ್ರಮವಿತ್ತು. ಮೊದಲು ಎಡಕ್ಕೆ ಹೊರಳಬೇಕು, ಮೊಣಕೈ ಊರಬೇಕು, ಹೆಂಡತಿ ಶಮಶಾದಬಿ ಬಂದು ಬೆನ್ನಿಗೆ ಕೈ ಕೊಡಬೇಕು, ಆಮೇಲೆ ಗೋಡೆ ಹಿಡಿಯಬೇಕು. ಅವತ್ತು ಅವಳು ಬರುವಷ್ಟರಲ್ಲಿ ಅವನು ಎದ್ದು, ದಿನದ ಗುಳಿಗೆ ನುಂಗಿ, ಮುಖ ತೊಳೆದುಕೊಂಡು ಬಂದಿದ್ದ. ಬಗ್ಗಿ ತೊಳೆದಿದ್ದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಖುಷಿಪಡಲು ಸಿಕ್ಕದ್ದು ಸರಿಯಾಗಿ ಒಂದು ನಿಮಿಷ.

"ಇವತ್ತ ಡಾಕ್ಟರ್ ಬರೋ ದಿನಾ ಅಲ್ಲೇನ್ರಿ?" ಅಂದಳು ಶಮಶಾದಬಿ.

ಜೈನುದ್ದೀನ ಟವೆಲ್ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಆಲಮೇಲದ ಆಚೆಗಿನ ಸಕ್ಕರೆ ಕಾರ್ಖಾನೆಯಲ್ಲಿ ಅವನದು ಚೀಲ ಹೊಲಿಯುವ ಕೆಲಸ. ತುಂಬಿ ಬಂದ ಐವತ್ತು ಕಿಲೋ ಚೀಲದ ಬಾಯಿಯನ್ನು ಬಗ್ಗಿ ಹಿಡಿದು, ಮಿಷನ್ ಓಡಿಸಿ, ಮೊಣಕಾಲಿನಿಂದ ಮುಂದಕ್ಕೆ ತಳ್ಳಬೇಕು. ಕಬ್ಬು ನುರಿಸುವ ಹಂಗಾಮು ನಡೆದಷ್ಟು ದಿನ ಇದೇ ಪೂಜೆ. ಈ ವರ್ಷ ತೂಕದ ಕಟ್ಟೆಯಲ್ಲಿ ಕುಳಿತು ಚೀಟಿ ಬರೆಯುವ ಕುರ್ಚಿಯೊಂದು ಖಾಲಿಯಾಗಿತ್ತು. ಔಷಧ ತಿಂದರೂ ನೋವು ತಗ್ಗದ ಕೆಲಸಗಾರನಿಗೆ ಆ ಕುರ್ಚಿ ಎಂದು ಕಾರ್ಖಾನೆಯವರು ಹೇಳಿದ್ದರು. ತಗ್ಗಿಲ್ಲ ಎಂದು ಹೇಳಬೇಕಾದವರು ಕಾರ್ಖಾನೆಯ ಕಮಿಟಿಯ ಇಬ್ಬರು ಡಾಕ್ಟರು. ಅವರು ಬರುವುದು ವರ್ಷಕ್ಕೊಮ್ಮೆ, ಅದೂ ಇವತ್ತು, ಮಧ್ಯಾಹ್ನ ಹನ್ನೆರಡಕ್ಕೆ.

ಕುರ್ಚಿಯ ಆಸೆ ಸೋಮಾರಿತನದ್ದಾಗಿರಲಿಲ್ಲ. ವಿಜಯಪುರದಲ್ಲಿ ಅವನನ್ನು ನೋಡುತ್ತಿದ್ದ ಡಾಕ್ಟರು ಬಿಡಿಸಿ ಹೇಳಿದ್ದರು: ಗುಳಿಗೆ ನೋವನ್ನು ಮಲಗಿಸುತ್ತದೆ ಅಷ್ಟೇ, ಸವೆದ ಎಲುಬನ್ನು ಕಟ್ಟಿಕೊಡುವುದಿಲ್ಲ, ಇನ್ನೆರಡು ಹಂಗಾಮು ಹೀಗೇ ಬಗ್ಗಿದರೆ ಮೂರನೆಯದಕ್ಕೆ ಏಳುವುದೇ ಕಷ್ಟ.

ಅಂಥ ನೋವನ್ನು ಮಲಗಿಸುವ ಗುಳಿಗೆ ಹುಡುಕುವುದರಲ್ಲೇ ನಾಲ್ಕು ವರ್ಷ ಸವೆದಿತ್ತು. ಮೊದಲನೆಯದು ಹೊಟ್ಟೆ ಸುಟ್ಟಿತು. ಎರಡನೆಯದು ಎಂಥ ನಿದ್ದೆ ತಂದಿತೆಂದರೆ, ಅವನು ತನ್ನ ಅಂಗಿಯ ತೋಳನ್ನೇ ಸಕ್ಕರೆ ಚೀಲಕ್ಕೆ ಸೇರಿಸಿ ಹೊಲಿದುಬಿಟ್ಟ. ಮೂರನೆಯದಕ್ಕೆ ಪಾದ ಬಾತು ಚಪ್ಪಲಿ ಹಿಡಿಯಲಿಲ್ಲ. ನಾಲ್ಕನೆಯದಕ್ಕೆ ಮೈಯೆಲ್ಲ ನವೆ. ಐದನೆಯದು ಏನೂ ಮಾಡಲಿಲ್ಲ, ಒಳ್ಳೆಯದನ್ನೂ ಮಾಡಲಿಲ್ಲ. ಇದೆಲ್ಲ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿ ದಾಖಲಾಗಿತ್ತು. ವಿಜಯಪುರದ ಡಾಕ್ಟರು ಬರೆಯುವುದೂ ಅದರಲ್ಲೇ, ಕಾರ್ಖಾನೆಯ ಡಾಕ್ಟರು ನೋಡುವುದೂ ಅದನ್ನೇ, ಆಲಮೇಲದ ಔಷಧ ಅಂಗಡಿಯವನು ಶಿಕ್ಕಾ ಹೊಡೆದು ಗುಳಿಗೆ ಕೊಡುವುದೂ ಅದನ್ನು ನೋಡಿಯೇ. ಆರನೆಯ ಗುಳಿಗೆ ಶುರುವಾಗಿ ಹತ್ತೊಂಬತ್ತು ದಿನವಾಗಿತ್ತು. ಮೂರು ವಾರ ತಾಳಿಕೋ ಎಂದಿದ್ದರು. ಆ ಹಾಳು ಗುಳಿಗೆಗೆ ಇನ್ನೊಂದು ದಿನ ತಾಳಿಕೊಳ್ಳಲು ಏನಾಗಿತ್ತು?

ಗೋಡೆಯಾಚೆಯ ಗುರವ್ವನಿಗೆ ಸುದ್ದಿ ಮುಟ್ಟಲು ಐದು ನಿಮಿಷ ಸಾಕಾಯಿತು. ಓಣಿಯವರ ಬೇನೆಗಳೆಲ್ಲ ತನ್ನವೇ ಎಂದು ತಿಳಿದ ಹೆಂಗಸು ಆಕೆ. ಟೊಂಕದ ನೋವು ಎಬ್ಬಿಸುವುದು ಸುಲಭ, ಬಗ್ಗಿ ಹೊದೆಯುವ ಎರಡು ದಪ್ಪ ಕೌದಿ ಒಗೆದರೆ ಎಂಥ ಗಟ್ಟಿ ಟೊಂಕವೂ ಹಿಡಿಯುತ್ತದೆ ಎಂದಳು. ಕೌದಿಗಳನ್ನೂ ತಾನೇ ತಂದುಕೊಟ್ಟಳು, ಎರಡಲ್ಲ, ನಾಲ್ಕು. ಜೈನುದ್ದೀನ ಬಾವಿಕಟ್ಟೆಯಲ್ಲಿ ನಾಲ್ಕನ್ನೂ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದ. ನೋವು ಬರಲಿಲ್ಲ. ಗುರವ್ವನ ಚಳಿಗಾಲದ ಒಗೆತ ಮಾತ್ರ ಮುಗಿಯಿತು.

ಅಷ್ಟರಲ್ಲಿ ಅವನನ್ನು ಕರೆದೊಯ್ಯಲು ಸಿದ್ದಲಿಂಗ ಬಂದ. ಗೋದಾಮಿನಲ್ಲಿ ಜೈನುದ್ದೀನನ ಪಕ್ಕದಲ್ಲೇ ಚೀಲ ಹಿಡಿಯುವವನು, ವಯಸ್ಸಿನಲ್ಲಿ ಸಣ್ಣವನು, ಸಲಹೆಯಲ್ಲಿ ದೊಡ್ಡವನು. ಸಂಗತಿ ಕೇಳಿ ತಲೆ ಕೆರೆದುಕೊಂಡ.

"ಮಾಮಾ, ಬ್ಯಾನಿ ಇಲ್ಲಂದ್ರ ಇಲ್ಲ, ಬಿಡು. ಇದ್ದವರಂಗ ನಡದು ತೋರಸು."

ಜೈನುದ್ದೀನನಿಗೆ ಸಿಟ್ಟು ಬಂತು. "ನಾಕ್ ವರ್ಷ ಖರೇನ ನರಳೇನಿ. ಈಗ ನಾಟಕ ಮಾಡಂತಿಯೇನ?"

"ಖರೇ ನರಳಿದಾಗ ಯಾರೂ ನೋಡಾಕ ಬಂದಿಲ್ಲ. ಇವತ್ತ ಬರಾಕತ್ತಾರ. ನೀನ ವಿಚಾರ ಮಾಡು."

ವಿಚಾರ ಮಾಡಿದ. ಮಾಡಿ ಅಂಗಳದಲ್ಲಿ ನಡೆದು ತೋರಿಸಿದ. ಶಮಶಾದಬಿ, ಗುರವ್ವ, ಸಿದ್ದಲಿಂಗ ಕಟ್ಟೆಯ ಮೇಲೆ ಕುಳಿತು ಪರೀಕ್ಷಿಸಿದರು. ನಾಲ್ಕು ವರ್ಷ ದಿನಾ ನಡೆದ ನಡಿಗೆ ಒಂದೇ ಬೆಳಗಿನಲ್ಲಿ ಮರೆತುಹೋಗಿತ್ತು. ಯಾವ ಕಾಲನ್ನು ಎಳೆಯುತ್ತಿದ್ದೆ, ಕೈ ಎಲ್ಲಿ ಇಡುತ್ತಿದ್ದೆ ಎಂದು ಅವನು ಹೆಂಡತಿಯನ್ನೇ ಕೇಳಬೇಕಾಯಿತು. ಮೂರು ಸುತ್ತು ಹಾಕಿಸಿದ ಮೇಲೆ ಗುರವ್ವ ತೀರ್ಪು ಕೊಟ್ಟಳು.

"ಇದು ಟೊಂಕಬ್ಯಾನಿ ನಡಿಗಿ ಅಲ್ಲೋ ತಮ್ಮಾ. ಮೂಲವ್ಯಾಧಿ ನಡಿಗಿ."

ಶಮಶಾದಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣು ತುಂಬಿದವು. ಗಂಡ ನೆಟ್ಟಗೆ ನಡೆಯುವುದನ್ನು ನೋಡಿ ಅವಳಿಗೂ ನಾಲ್ಕು ವರ್ಷವಾಗಿತ್ತು, ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಹತ್ತೂವರೆಯಾಗಿತ್ತು. ಸಿದ್ದಲಿಂಗನಿಗೆ ಕೊನೆಗೊಂದು ಉಪಾಯ ಹೊಳೆಯಿತು. ಮೋರಟಗಿ ಕಡೆಯಿಂದ ಖಾಲಿ ಟ್ರ್ಯಾಕ್ಟರೊಂದು ಕಾರ್ಖಾನೆಗೆ ಹೊರಟಿತ್ತು. ಕಬ್ಬಿನ ಭಾರವಿಲ್ಲದ ಟ್ರಾಲಿ ಈ ರಸ್ತೆಯಲ್ಲಿ ಹೇಗೆ ಕುಣಿಯುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೈನುದ್ದೀನನನ್ನು ಅದರ ಹಿಂತುದಿಯಲ್ಲಿ, ಬರೀ ತಗಡಿನ ಮೇಲೆ ಕೂರಿಸಿದ ಸಿದ್ದಲಿಂಗ, ತಾನು ಡ್ರೈವರನ ಪಕ್ಕ ಮೆತ್ತನೆಯ ಸೀಟಿನಲ್ಲಿ ಕುಳಿತು, ಒಂದು ತಗ್ಗನ್ನೂ ಬಿಡಬೇಡ ಎಂದು ಡ್ರೈವರನಿಗೆ ಹೇಳಿದ. ಅವನಿಗೆ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ.

ಮೊದಲ ಎರಡು ಕಿಲೋಮೀಟರ್ ಏನೂ ಆಗಲಿಲ್ಲ. ಮೂರನೆಯದರಲ್ಲಿ, ಕಾಲುವೆಯ ತಿರುವಿನ ದೊಡ್ಡ ತಗ್ಗಿನಲ್ಲಿ ಟ್ರಾಲಿ ಎದ್ದು ಬಿದ್ದಾಗ ಟೊಂಕದಲ್ಲಿ ಏನೋ ಚುಳ್ ಎಂದಿತು. ಆಮೇಲೆ ಎಡಗಾಲಿನ ಹಿಂದೆ ಬೆಂಕಿ ಇಳಿದ ಹಾಗೆ ಹಿಮ್ಮಡಿವರೆಗೆ ಇಳಿಯಿತು. ಅದೇ ನೋವು, ಅದೇ ದಾರಿ. ಜೈನುದ್ದೀನ ಟ್ರಾಲಿಯ ಅಂಚು ಹಿಡಿದು ಹಲ್ಲು ಕಚ್ಚಿದ. ಬಂದಿತಲ್ಲ ಎಂಬ ಸಮಾಧಾನ ಅವನಿಗಾದದ್ದು ನಿಜ, ಅಂಥ ಸಮಾಧಾನ ಪಡಬೇಕಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾದದ್ದೂ ನಿಜ.

ಕಾರ್ಖಾನೆಯ ಆಫೀಸಿನ ಕೋಣೆಯಲ್ಲಿ ಇಬ್ಬರು ಡಾಕ್ಟರು ಕುಳಿತಿದ್ದರು, ಒಬ್ಬಾಕೆ ಸಣ್ಣ ವಯಸ್ಸಿನವಳು, ಇನ್ನೊಬ್ಬರು ನೆರೆತ ಮೀಸೆಯವರು. ಆಕೆ ಅವನನ್ನು ಮೇಜಿನ ಮೇಲೆ ಮಲಗಿಸಿ ಎಡಗಾಲು ಎತ್ತಿದಳು. ಅವನು ಕಿರುಚಿದ್ದು ಹೊರಗೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ನಾಟಕದ ಅಗತ್ಯವೇ ಬೀಳಲಿಲ್ಲ. ಆಕೆ ಮರುಗಿ, ಕಾಲನ್ನು ಮೆಲ್ಲಗೆ ಕೆಳಗಿಟ್ಟಳು.

ನೆರೆತ ಮೀಸೆಯವರು ಕೆಂಪು ಪುಸ್ತಕ ತಿರುವುತ್ತಿದ್ದರು. "ಆರು ಔಷಧ ಆಗಿದೆ. ಈಗ ತಗೊಳ್ತಿರೋದರಿಂದ ಏನಾದರೂ ಗುಣ ಇದೆಯಾ?"

ಇದೆ ಎಂದರೆ ಕುರ್ಚಿ ಇಲ್ಲ. ಮುಖ ತೊಳೆಯಲು ಬಗ್ಗಿದ ಗಳಿಗೆ ನೆನಪಾಯಿತು, ನಾಲ್ಕು ವರ್ಷದಲ್ಲಿ ತನ್ನದಾಗಿ ಸಿಕ್ಕ ಒಂದೇ ಬೆಳಗು. ಅದನ್ನು ಜೈನುದ್ದೀನ ತನ್ನ ಬಾಯಿಂದಲೇ ಅಲ್ಲಗಳೆದ.

"ಇಲ್ರಿ ಸಾಹೇಬ್ರ. ಏನೂ ಫರಕ್ ಇಲ್ರಿ."

ಡಾಕ್ಟರು ತಲೆಯಾಡಿಸಿದರು. ಕೆಂಪು ಪೆನ್ನು ತೆಗೆದು ಆರನೆಯ ಗುಳಿಗೆಯ ಹೆಸರಿನ ಮೇಲೆ ಗೆರೆ ಎಳೆದು, ಗುಣವಿಲ್ಲ, ಮತ್ತೆ ಕೊಡಬಾರದು ಎಂದು ಬರೆದು, ಕೆಳಗೆ ಏಳನೆಯದರ ಹೆಸರು ಸೇರಿಸಿ ಸಹಿ ಹಾಕಿದರು. ಆಮೇಲೆ ವಿವರಿಸಿದರು. ಈ ಬೇನೆಗೆ ಕಮಿಟಿಯ ಪಟ್ಟಿಯಲ್ಲಿ ಹತ್ತು ಔಷಧಗಳಿವೆ. ಉಳಿದ ನಾಲ್ಕನ್ನೂ ಮೂರು ಮೂರು ತಿಂಗಳು ತಿಂದು ನೋಡಬೇಕು. ಹತ್ತೂ ಸೋತರೆ ಮುಂದಿನ ವರ್ಷ ಕುರ್ಚಿಗೆ ಖಂಡಿತ ಶಿಫಾರಸು ಮಾಡುತ್ತಾರೆ.

"ಅಲ್ಲೀತನಕ ಕೆಲಸಾರಿ?"

"ಈಗ ಇರೋದನ್ನೇ ಮಾಡ್ತಿರಿ."

ಹಾಗಾದರೆ ಆರನೆಯದನ್ನೇ ಮುಂದುವರಿಸಲೇ ಎಂದು ಅವನು ಕೇಳಿದ. ಗುಣವಿಲ್ಲದ್ದನ್ನು ಯಾಕೆ ತಿನ್ನುತ್ತೀರಿ ಎಂದು ಡಾಕ್ಟರು ನಿಜವಾದ ಕಾಳಜಿಯಿಂದಲೇ ಕೇಳಿದರು. ಅವನು ಪುಸ್ತಕ ಎತ್ತಿಕೊಂಡು, ಗೋಡೆ ಹಿಡಿದು ಹೊರಗೆ ಬಂದ.

ಹೊರಗೆ ಚಹಾ ಹಿಡಿದು ನಿಂತಿದ್ದ ಸಿದ್ದಲಿಂಗ ಏನಾಯಿತು ಎಂದ. "ಬ್ಯಾನಿ ಪಾಸಾತು," ಅಂದ ಜೈನುದ್ದೀನ, "ನಾ ಫೇಲ್." ಚಹಾ ಮುಟ್ಟದೆ ನಡೆದ.

ಮಧ್ಯಾಹ್ನದ ಬಸ್ಸಿನಲ್ಲಿ ಆಲಮೇಲಕ್ಕೆ ಮರಳಿ, ಮನೆಗೆ ಹೋಗದೆ, ಸಂಜೆವರೆಗೆ ಔಷಧ ಅಂಗಡಿ ತೆರೆಯುವುದನ್ನು ಕಾದ. ಕಟ್ಟೆಯ ಮೇಲೆ ಕುಳಿತು ಕುಳಿತು, ಟ್ರಾಲಿ ಎಬ್ಬಿಸಿದ್ದ ನೋವು ತಾಸಿಗೊಂದಿಷ್ಟು ಇಳಿಯುತ್ತ ಹೋಯಿತು. ಬೆಳಿಗ್ಗೆ ನುಂಗಿದ ಗುಳಿಗೆ ಒಳಗೆ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲೇ ಇತ್ತು. ಅಂಗಡಿಯ ರಾವಸಾಬ ಬಾಗಿಲು ತೆರೆದಾಗ ಟೊಂಕದಲ್ಲಿ ನೋವೇ ಇರಲಿಲ್ಲ.

ರಾವಸಾಬ ಪುಸ್ತಕ ನೋಡಿ ಏಳನೆಯ ಗುಳಿಗೆಯ ಡಬ್ಬಿ ಇಳಿಸಿದ. ಜೈನುದ್ದೀನ ಮೆಲ್ಲಗೆ, ಆರನೆಯದನ್ನೂ ಒಂದು ತಿಂಗಳಿಗಾಗುವಷ್ಟು ಕೊಡು ಎಂದ.

"ಕೆಂಪು ಗೆರಿ ಎಳದಾರಲ್ರಿ. ನಿಮಗ ಗುಣಾ ಕಂಡಿಲ್ಲ ಅಂತ ಬರದಾರ."

"ಗುಣಾ ಕಂಡೈತೋ ಮಾರಾಯಾ. ಅದೊಂದ ಕಂಡಿದ್ದು."

"ಹಂಗಾದ್ರ ಗುಣಾ ಕಂಡೈತಿ ಅಂತ ಬರಸ್ಕೊಂಡು ಬರ್ರಿ. ಇದ ಪುಸ್ತಕದಾಗ."

ಆ ಪುಸ್ತಕದಲ್ಲಿ ಹಾಗೆ ಬರೆಸಿದರೆ ಕುರ್ಚಿ ಜನ್ಮಕ್ಕೂ ಇಲ್ಲ, ಸಾಯುವವರೆಗೆ ಚೀಲ. ಬರೆಸದಿದ್ದರೆ ಗುಳಿಗೆ ಇಲ್ಲ, ನೋವಿನ ಜೊತೆಗೇ ಚೀಲ. ರಾವಸಾಬ ಚಾಚಿದ ಪುಸ್ತಕ ಜೈನುದ್ದೀನನ ಕೈ ತಪ್ಪಿ ನೆಲಕ್ಕೆ ಬಿತ್ತು. ಅವನು ಹದಿನೆಂಟರ ಹುಡುಗನ ಹಾಗೆ ಸರ್ರನೆ ಬಗ್ಗಿ ಅದನ್ನು ಎತ್ತಿಕೊಂಡ.

ರಾವಸಾಬ ಕಣ್ಣರಳಿಸಿ, ಅಂಗಡಿಯಲ್ಲಿದ್ದ ಗಿರಾಕಿಗಳ ಕಡೆ ತಿರುಗಿದ.

"ನೋಡ್ರಿ, ಫ್ಯಾಕ್ಟರಿ ಡಾಕ್ಟರ್ ಕೈಗುಣಾ ಅಂದ್ರ ಇದು. ಏಳನೇದ್ದು ಇನ್ನಾ ನುಂಗಿಲ್ಲ, ಆಗಲೇ ಆರಾಮ ಆಗ್ಯಾರ."

ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಒಬ್ಬ ತನ್ನ ತಾಯಿಯನ್ನೂ ಅವರಿಗೇ ತೋರಿಸಬೇಕೆಂದು ಡಾಕ್ಟರರ ಹೆಸರು ಕೇಳಿದ. ಜೈನುದ್ದೀನ ಪುಸ್ತಕದಲ್ಲಿದ್ದ ಸಹಿ ನೋಡಿ ಹೆಸರು ಹೇಳಿ, ಏಳನೆಯ ಗುಳಿಗೆಯನ್ನು ಕಿಸೆಗೆ ಹಾಕಿಕೊಂಡು, ಓಣಿಯುದ್ದಕ್ಕೂ ನೆಟ್ಟಗೆ ನಡೆದು ಮನೆಗೆ ಹೋದ. ಒಂದು ಹೆಜ್ಜೆಯೂ ನೋಯಲಿಲ್ಲ. ಅವನಿಗೆ ಅಳು ತಡೆಯಲಾಗಲಿಲ್ಲ.