ಚೂರಿಗಾಲು ಮೇಷ್ಟ್ರು

‘ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ’ ಎಂದು ಮಳವಳ್ಳಿಯ ಮಿಡ್ಲ್ ಸ್ಕೂಲಿನ ಕರಿಹಲಗೆಯ ಮೇಲೆ ನಾನು ಎಷ್ಟು ವರ್ಷ ಬರೆದಿದ್ದೇನೋ ನನಗೇ ನೆನಪಿಲ್ಲ. ಮಕ್ಕಳು ಅದನ್ನು ಕಾಪಿ ಪುಸ್ತಕದಲ್ಲಿ ದುಂಡಗೆ ತಿದ್ದಿದ್ದಾರೆ. ಈ ಗಾದೆ ಕಟ್ಟಿದ ಮಹಾನುಭಾವ ಮಳವಳ್ಳಿಯ ಕಡೆ ತಲೆ ಹಾಕಿದವನಲ್ಲ ಎಂಬುದು ಈಗ ನನಗೆ ಖಾತ್ರಿಯಾಗಿದೆ. ಮನುಷ್ಯ ದಡ್ಡ ಅನ್ನಿಸಿಕೊಳ್ಳಬಹುದು, ಜಿಪುಣ ಅನ್ನಿಸಿಕೊಳ್ಳಬಹುದು. ನನ್ನ ಹೆಂಡತಿ ಎರಡನ್ನೂ ಅಂದಿದ್ದಾಳೆ, ನಾನೇನೂ ಊಟ ಬಿಟ್ಟು ಎದ್ದವನಲ್ಲ. ಆದರೆ ಅಪ್ಪಟ ನಿಜ ಹೇಳಿ ಸುಳ್ಳುಗಾರ ಅನ್ನಿಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆ ಉರಿ ಇನ್ನೂ ಆರಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಮ್ಮೂರಿಗೆ ಪತ್ರಿಕೆ ಬರುತ್ತಿದ್ದುದು ಸಂಜೆಯ ಬಸ್ಸಿನಲ್ಲಿ, ಮದ್ದೂರಿನ ಮೇಲೆ. ಬಸ್ ನಿಲ್ಲುವ ಕಡೆಯೇ ಟೈಲರ್ ರಹೀಮ್ ಸಾಬರ ಅಂಗಡಿ. ಪತ್ರಿಕೆ ಅವರದು, ಕನ್ನಡಕ ನನ್ನದು, ಕಿವಿ ಊರಿನವರದು. ಅವರು ಹೊಲಿಗೆ ಯಂತ್ರ ನಿಲ್ಲಿಸುತ್ತಿದ್ದರು, ನಾನು ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದೆ. ಒಂದು ದಿನ ಮೂಲೆಯಲ್ಲಿ ಅಂಗೈಯಗಲದ ಸುದ್ದಿ. ನಾರ್ವೆ ದೇಶದವನೊಬ್ಬ ಹಿಮಗಟ್ಟಿದ ಕೆರೆಯ ಮೇಲೆ ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಓಡುವ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಅವನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ‘ನಾರ್ವೆಯವನು’ ಅಂತಲೇ ಓದಿದೆ.

ಯಾಕೋ ಅವನು ನನಗೆ ಹಿಡಿಸಿಬಿಟ್ಟ. ಮನೆಯಿಂದ ಶಾಲೆಗೆ ನಡೆಯುವುದಕ್ಕೆ ಏದುಸಿರು ಬಿಡುವ ನನಗೆ ಓಟಗಾರನ ಮೇಲೆ ಏನು ಮೋಹವೋ ತಿಳಿಯದು. ಚಳಿಗಾಲ ಬಂತೆಂದರೆ ಮೊದಲು ಆ ಮೂಲೆಯನ್ನೇ ಹುಡುಕುತ್ತಿದ್ದೆ. ಒಂದು ವರ್ಷ ತಿರುವಿನಲ್ಲಿ ಜಾರಿ ಬಿದ್ದು ಸೋತ. ಅವತ್ತು ಮುದ್ದೆ ಬಿಟ್ಟು ಎದ್ದೆ. ಮರುವರ್ಷ ಎದ್ದು ಬಂದು ಅದೇ ಪಂದ್ಯ ಗೆದ್ದ; ಸಾಬರ ಅಂಗಡಿಯವರಿಗೆಲ್ಲ ನಾನೇ ಕಾಫಿ ತರಿಸಿದೆ.

ಕಾಫಿಯನ್ನು ಎಲ್ಲರೂ ಕುಡಿದರು. ಸುದ್ದಿಯನ್ನು ಯಾರೂ ನಂಬಲಿಲ್ಲ. ಇವರ ಮುಂದಾಳು ಚಿಕ್ಕೇಗೌಡ, ಕೆರೆಯ ಕೆಳಗೆ ಎರಡು ಎಕರೆ ಗದ್ದೆ ಇದ್ದ ರೈತ. ನೀರಿನ ವಿಷಯದಲ್ಲಿ ಊರಿಗೇ ಅವನ ಮಾತು ಕೊನೆ.

“ಅಲ್ಲ ಮೇಷ್ಟ್ರೇ, ಕೆರೆ ಕಲ್ಲಾಯ್ತದೆ ಅಂತೀರಲ್ಲ, ತೂಬು ಎತ್ತೋದೆಂಗೆ? ಗದ್ದೆಗೆ ನೀರು ಬುಡೋದೆಂಗೆ?” ಎಂದ.

ಅಲ್ಲಿ ಆ ಕಾಲದಲ್ಲಿ ಬೆಳೆ ಇರುವುದಿಲ್ಲ ಎಂದೆ.

“ಕೆರೆ ತುಂಬಾ ನೀರು ಮಡೀಕಂಡು ಬೆಳೆ ಇಕ್ಕಲ್ವಾ? ಕಾಲಿಗೆ ಚೂರಿ ಕಟ್ಕಂಡು ಅದರ ಮ್ಯಾಲೆ ಓಡಾಡ್ತಾರಾ? ಅಂಥ ಊರಿಗೆ ಎಣ್ಣು ಯಾರು ಕೊಟ್ಟಾರು ಬುಡಿ.”

ಜಗಲಿ ಜಗಲಿಯೇ ನಕ್ಕಿತು. ಭೂಗೋಳ ಕಲಿಸುವ ನಾನು ಭೂಮಿ ದುಂಡಗಿದೆ ಎಂದಾಗ ಇದೇ ಜನ ಒಪ್ಪಿಕೊಂಡಿದ್ದರು. ಅದು ದುಂಡಗಿದ್ದರೂ ಚಪ್ಪಟೆಯಿದ್ದರೂ ಇವರ ಗದ್ದೆಗೆ ಬಾಧಕವಿರಲಿಲ್ಲ. ಕೆರೆಯ ಮಾತು ಬಂತು ನೋಡಿ, ನಾನು ಸುಳ್ಳುಗಾರನಾದೆ. ವಾರದೊಳಗೆ ನನಗೆ ‘ಚೂರಿಗಾಲು ಮೇಷ್ಟ್ರು’ ಎಂಬ ಹೆಸರು ಬಿತ್ತು.

ಹೆಸರು ಹೆಸರಾಗಿಯೇ ಉಳಿದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಮಂಡ್ಯದ ಗುತ್ತಲಿನಲ್ಲಿ ನನ್ನ ತಂಗಿ ಇದ್ದಳು. ಗಂಡ ತೀರಿಕೊಂಡಿದ್ದ, ಮದುವೆಗೆ ಬಂದ ಮಗಳು ಸರಸು ಇದ್ದಳು. ತಂದೆಯಿಲ್ಲದ ಹುಡುಗಿಗೆ ಸೋದರಮಾವನ ಮಾತೇ ಜಾತಕ. ಮದ್ದೂರಿನ ಒಂದು ಒಳ್ಳೆಯ ಸಂಬಂಧಕ್ಕೆ, ಹುಡುಗಿ ಓದುಬರಹ ಬಲ್ಲವಳು, ಆರೋಗ್ಯವಂತೆ, ಮನೆತನದಲ್ಲಿ ಕೊಂಕಿಲ್ಲ ಎಂದು ನಾನೇ ಕಾಗದ ಬರೆದಿದ್ದೆ. ಗಂಡಿನ ತಂದೆ ನಮ್ಮ ಕಡೆಯ ಪದ್ಧತಿಯಂತೆ, ತಾನಾರೆಂದು ಹೇಳದೆ ಮಳವಳ್ಳಿಯಲ್ಲಿ ಬಸ್ಸಿಳಿದು, ಕಾಗದ ಬರೆದವನು ಎಂಥವನೆಂದು ವಿಚಾರಿಸಿದರು. ಬಸ್ ನಿಲ್ಲುವ ಕಡೆ ಯಾರ ಅಂಗಡಿ ಇತ್ತು ಎಂದು ಮೇಲೆಯೇ ಹೇಳಿದ್ದೇನೆ. ರಹೀಮ್ ಸಾಬರು ಪಾಪ, “ಬಾಳ ಒಳ್ಳೇವ್ರು” ಅಂದರಂತೆ. ಪಕ್ಕದಲ್ಲಿದ್ದ ಚಿಕ್ಕೇಗೌಡ, “ಒಳ್ಳೇರು ಕಣಪ್ಪ. ಆದ್ರೆ ಮನುಸ್ರು ನೀರ ಮ್ಯಾಲೆ ಓಡ್ತಾರೆ ಅಂತಾರೆ, ಅದೊಂದ ಬುಟ್ರೆ” ಎಂದನಂತೆ.

ಬಂದವರು ಅದೇ ಬಸ್ಸಿನಲ್ಲಿ ಹಿಂತಿರುಗಿದರು. ಮುಂದಿನ ವರ್ಷ ನೋಡೋಣ ಎಂದು ಗುತ್ತಲಿಗೆ ಹೇಳಿ ಕಳಿಸಿದರು. ತಂಗಿ ಮಾರನೆಯ ದಿನವೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಕರೆದರೂ ಬರಲಿಲ್ಲ.

“ಅಣ್ಣಯ್ಯ, ಸರಸು ನಿನಗೆ ಸೊಸೆಯಾಗಬೇಕು. ಆ ನಾರ್ವೆಯವನು ನಿನಗೆ ಏನಾಗಬೇಕು?” ಎಂದಳು.

ಅಳುತ್ತಿದ್ದಳು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಸುಳ್ಳು ಹೇಳಿ ಮದುವೆ ಮಾಡಿಸಿದವರು ಬೇಕಾದಷ್ಟಿದ್ದಾರೆ. ನಿಜ ಹೇಳಿ ಮದುವೆ ಕೆಡಿಸಿದವನು ನಾನೊಬ್ಬನೇ ಇರಬೇಕು.

ನೀರು ಕಲ್ಲಾಗುವುದನ್ನು ಕಣ್ಣಿಗೇ ತೋರಿಸಿಬಿಡುತ್ತೇನೆಂದು ಹಟ ತೊಟ್ಟೆ. ಮಂಡ್ಯದ ಒಂದು ಸೋಡಾ ಅಂಗಡಿಗೆ ರೈಲಿನಲ್ಲಿ ಐಸು ಬರುತ್ತಿತ್ತು. ಸೇರುಗಲ್ಲಿನ ಗಾತ್ರದ ಗಡ್ಡೆಯೊಂದನ್ನು ಕೊಂಡು, ಮರದ ಹೊಟ್ಟಿನಲ್ಲಿ ಹೂತು, ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ. ಯುದ್ಧದ ಕಾಲ, ಪೆಟ್ರೋಲಿಲ್ಲ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದೂ ಸುಳ್ಳೇ. ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳಿದೆವು, ಕಂಡಕ್ಟರು ಒಲೆ ಕೆದಕಿದ. ಮಳವಳ್ಳಿಯಲ್ಲಿ ಜಗಲಿ ತುಂಬ ಜನರ ಮುಂದೆ ಚೀಲ ಬಿಚ್ಚಿದಾಗ ಒಳಗಿದ್ದದ್ದು ಒದ್ದೆ ಹೊಟ್ಟು. ಚಿಕ್ಕೇಗೌಡ ಒಂದು ಹಿಡಿ ತೆಗೆದು ಹಿಂಡಿ ನೋಡಿದ. “ಇದರ ಮ್ಯಾಲೇನಾ ಮೇಷ್ಟ್ರೇ ಅವನು ಓಡಿದ್ದು?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆ ಮರ್ಯಾದೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇತ್ತ ಪತ್ರಿಕೆಯೂ ಕೈಕೊಟ್ಟಿತ್ತು. ಜರ್ಮನಿಯವರು ನಾರ್ವೆಯನ್ನು ನುಂಗಿದ ಮೇಲೆ ಆ ಮೂಲೆಯಲ್ಲಿ ನಮ್ಮವನ ಸುದ್ದಿಯೇ ಇಲ್ಲ. ನಾನು ಐಸು ತಂದ ವರ್ಷವೇ ‘ಕ್ವಿಟ್ ಇಂಡಿಯಾ’ ಎಂದು ನಮ್ಮ ದೊಡ್ಡ ತರಗತಿಯ ಹುಡುಗರು ಶಾಲೆ ಬಿಟ್ಟು ಬಾವುಟ ಹಿಡಿದು ಬೀದಿಗಿಳಿದರು. ನನಗೂ ಮನಸ್ಸಿರಲಿಲ್ಲವೆಂದಲ್ಲ, ಆದರೆ ಸರ್ಕಾರಿ ನೌಕರಿ, ಮೇಲಿನವರ ಭಯ. ಒಂದು ದಿನವಂತೂ ಖಾಲಿ ಬೆಂಚುಗಳ ಮುಂದೆ ನಿಂತು ಮೂವತ್ತು ಹೆಸರನ್ನೂ ಕ್ರಮವಾಗಿ ಕೂಗಿ ಹಾಜರಿ ತೆಗೆದೆ. ಕಿಟಕಿಯಲ್ಲಿ ಇಣುಕಿದ ಜವಾನ ನಕ್ಕು ಹೋದ.

ಆ ಸಂಜೆ ನನ್ನ ತಲೆ ಕಾದಿತ್ತು. ಜಗಲಿ ಹತ್ತುವುದಕ್ಕಿಲ್ಲ, ಚಿಕ್ಕೇಗೌಡ, “ಎಲ್ಲಿ ಮೇಷ್ಟ್ರೇ ನಿಮ್ಮ ಚೂರಿಗಾಲ? ಮುಳುಗೋದ್ನಾ?” ಎಂದ. ನಾನು ಪತ್ರಿಕೆ ಬಿಡಿಸಿದೆ. ಅದರಲ್ಲಿ ನಾರ್ವೆ ಎಂಬ ಎರಡಕ್ಷರವೇ ಇರಲಿಲ್ಲ. ಆದರೂ ಓದಿದೆ: “ದೇಶವನ್ನು ಕಸಿದುಕೊಂಡವರ ಮುಂದೆ ನಾನು ಓಡುವುದಿಲ್ಲವೆಂದು ನಾರ್ವೆಯ ಓಟಗಾರನು ತನ್ನ ಅಲಗುಗಳನ್ನು ಗೋಡೆಯ ಮೊಳೆಗೆ ನೇತುಹಾಕಿದ್ದಾನೆ.”

ಹುಟ್ಟಿದಾರಭ್ಯ ನಾನು ಪತ್ರಿಕೆ ನೋಡಿಕೊಂಡು ಹೇಳಿದ ಒಂದೇ ಸುಳ್ಳು ಅದು. ಯಾರೂ ನಗಲಿಲ್ಲ. ರಹೀಮ್ ಸಾಬರು ಯಂತ್ರದ ಮೇಲಿನಿಂದ ಕೈ ತೆಗೆದರು. ಚಿಕ್ಕೇಗೌಡ ಕೆರೆಯ ಕಡೆ ತಿರುಗಿದ.

“ನಮ್ಮಪ್ಪನೂ ಅಂಗೇಯ,” ಎಂದ. “ಗದ್ದೆ ಕಿತ್ಕಂಡ ದಾಯಾದಿ, ನಿನ್ನೆತ್ತು ತಂದು ನನಗೇ ಉಳು ಅಂದ. ನಮ್ಮಪ್ಪ ನೊಗ ತಕ್ಕೋಗಿ ಅಟ್ಟದ ಮ್ಯಾಲೆ ಮಡಗ್ಬುಟ್ಟ. ಸಾಯೋಗಂಟ ಇಳಿಸ್ನಿಲ್ಲ.” ಆಮೇಲೆ ಪಕ್ಕದವನ ಕಡೆ ತಿರುಗಿ, “ಮೊಳೆಗೆ ನೇತಾಕವ್ನೆ ಅಂದ್ಮೇಲೆ ಚೂರಿ ಇದ್ದೇ ಇರ್ಬೇಕು ಕಣ್ಲಾ. ಚೂರಿ ಇದ್ಮೇಲೆ ಓಡಿದ್ದೂ ದಿಟವೇ. ಮೇಷ್ಟ್ರನ್ನ ಸುಮ್ಗೆ ಆಡ್ಕಂಡ್ವಿ” ಎಂದ.

ಮಾರನೆಯ ವಾರ ಅವನೇ ಮದ್ದೂರಿಗೆ ಹೋಗಿ, ಗಂಡಿನ ತಂದೆಯನ್ನು ಹುಡುಕಿ, “ನಮ್ಮ ಮೇಷ್ಟ್ರು ಸುಳ್ಳು ಏಳೋರಲ್ಲ. ತಪ್ಪು ನಂದು” ಎಂದು ಹೇಳಿ ಬಂದ. ಸರಸುವಿನ ಮದುವೆ ಮುಂದಿನ ಬೇಸಿಗೆಯಲ್ಲೇ ಆಯಿತು. ಚಪ್ಪರದ ಕೆಳಗೆ ಚಿಕ್ಕೇಗೌಡ ನನ್ನ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡ. ನಿಜ ಹೇಳಬೇಕೆಂದು ಬಾಯಿಯವರೆಗೂ ಬಂತು. ತಂಗಿ ನಗುತ್ತ ಓಡಾಡುತ್ತಿದ್ದಳು, ನುಂಗಿಕೊಂಡೆ. ಎಷ್ಟೋ ವರ್ಷದ ನಿಜಕ್ಕೆ ಸಿಗದ ಮರ್ಯಾದೆ ಒಂದು ನಿಮಿಷದ ಸುಳ್ಳಿಗೆ ಸಿಕ್ಕಿತಲ್ಲ ಎಂದು ಲಾಡು ಕಹಿಯಾಯಿತು. ಎರಡು ತಿಂದೆ, ಅದು ಬೇರೆ ಮಾತು.

ಯುದ್ಧ ಮುಗಿದು ಸ್ವಲ್ಪ ದಿನವಾಗಿತ್ತು. ಒಂದು ಸಂಜೆ ಜಗಲಿಯ ಮೇಲೆ ಪತ್ರಿಕೆ ಬಿಡಿಸಿದರೆ, ಅದೇ ಮೂಲೆ, ಅಂಗೈಯಗಲದ ಸುದ್ದಿ. ವೈರಿಗಳ ಆಳ್ವಿಕೆ ಇರುವಷ್ಟು ವರ್ಷವೂ ಅವರು ಏರ್ಪಡಿಸಿದ ಯಾವ ಪಂದ್ಯದಲ್ಲೂ ಓಡುವುದಿಲ್ಲವೆಂದು ನಾರ್ವೆಯ ಆಟಗಾರರು ದೂರ ನಿಂತಿದ್ದರಂತೆ. ಎರಡು ಸಲ ಗಟ್ಟಿಯಾಗಿ ಓದಿದೆ, ಅಕ್ಷರಗಳ ಮೇಲೆ ಬೆರಳಿಟ್ಟು ರಹೀಮ್ ಸಾಬರಿಗೆ ತೋರಿಸಿದೆ.

ಚಿಕ್ಕೇಗೌಡ ಎಲೆಯಡಿಕೆ ಜಗಿಯುತ್ತ, “ಅದೇನು ಮೇಷ್ಟ್ರೇ, ಅಳೇ ಸುದ್ದಿಯ ಇಷ್ಟು ದೊಡ್ಡದು ಮಾಡ್ತೀರಿ? ಅವತ್ತೇ ಏಳಿದ್ರಲ್ಲ. ನಾವೆಲ್ಲ ಅವತ್ತೇ ನಂಬಿದ್ವಿ” ಎಂದ.

ಹೌದು, ಎಲ್ಲರೂ ನಂಬಿದ್ದರು. ಅವತ್ತು ಖಾಲಿ ಬೆಂಚುಗಳಿಗೆ ಹಾಜರಿ ಕೂಗಿ ಬಂದು ಅದನ್ನು ಓದಿದವನೊಬ್ಬನನ್ನು ಬಿಟ್ಟು.