ಲಿಂ॥ ಅತ್ತೆ ಮತ್ತು ಹೆಪ್ಪಿನ ಡಬ್ಬಿ

ಸತ್ತವರಿಗೆ ಒಂದು ಗಳಿಗೆಯೂ ವಿಶ್ರಾಂತಿ ಕೊಡದ ಹೆಂಗಸು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮತ್ತೆ. ನಮ್ಮಪ್ಪನ ಒಬ್ಬಳೇ ತಂಗಿ, ಅಜ್ಜಂಪುರಕ್ಕೆ ಮದುವೆಯಾಗಿ ಹೋದವಳು. ಅವಳ ಮನೆಗೆ ಹೋದಾಗಲೆಲ್ಲ ನಾನು ನಮ್ಮಜ್ಜನನ್ನು ಒಲೆ ಮೇಲೆ ಇಟ್ಟಿದ್ದೇನೆ, ದೊಡ್ಡಪ್ಪನನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೇನೆ. ನನ್ನನ್ನು ಪೊಲೀಸಿಗೆ ಹಿಡಿದು ಕೊಡುವ ಮುಂಚೆ ಪೂರ್ತಿ ಕೇಳಿ!

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅವರ ಹೆಸರಲ್ಲಿ ಮಠಕ್ಕೋ ಸಮುದಾಯ ಭವನಕ್ಕೋ ಒಂದು ಪಾತ್ರೆ ಕೊಡುವುದುಂಟು. ಪಾತ್ರೆಯ ಕಂಠದ ಮೇಲೆ ‘ಲಿಂ॥ ಇಂಥವರ ಜ್ಞಾಪಕಾರ್ಥ’ ಎಂದು ಹೊಡೆಸುತ್ತಾರೆ. ಲಿಂ ಅಂದರೆ ಲಿಂಗೈಕ್ಯ. ಹೆಸರಿನ ಹಿಂದೆ ಅದೂ ಅದರ ಪಕ್ಕದ ಎರಡು ಗೀಟೂ ಬಿದ್ದವೆಂದರೆ ಆ ಮನುಷ್ಯನ ಕಥೆ ಮುಗಿಯಿತು ಅಂತ ಲೆಕ್ಕ. ಅತ್ತೆಯೂ ತಪ್ಪದೆ ಹೊಡೆಸುತ್ತಿದ್ದಳು. ಆದರೆ ಪಾತ್ರೆಯನ್ನು ಯಾರಿಗೂ ಕೊಡದೆ ತನ್ನ ಅಡುಗೆಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ವರ್ಷಕ್ಕೊಂದು ಸಲ ಅಟ್ಟದಿಂದ ಇಳಿಯುವ ಪಾತ್ರೆಯಲ್ಲಿ ಯಾರು ಯಾರನ್ನು ನೆನೆಸಿಕೊಳ್ಳುತ್ತಾರೆ, ಮನುಷ್ಯ ಅಂದಮೇಲೆ ದಿನಾ ಕೈಗೆ ಸಿಗಬೇಕು ಅನ್ನುವುದು ಅವಳ ವಾದ.

ಪಾತ್ರೆಯನ್ನು ಸುಮ್ಮನೆ ಆರಿಸುತ್ತಿರಲಿಲ್ಲ. ಅಜ್ಜನಿಗೆ ದಪ್ಪ ತಳದ ಪಾತ್ರೆ. ಬಿಸಿಯಾಗುವುದೇ ನಿಧಾನ, ಆದರೆ ಒಂದು ಸಲ ಬಿಸಿಯಾಯಿತೋ ಸಂಜೆಯವರೆಗೂ ಆರುವುದಿಲ್ಲ. ಜನ್ಮದಲ್ಲಿ ಯಾರ ಮಾತಿಗೂ ಹೊಂದಿಕೊಳ್ಳದ ದೊಡ್ಡಪ್ಪನಿಗೆ ಒಂದು ದೊಡ್ಡ ಮುಚ್ಚಳ. ಆ ಮನೆಯ ಯಾವ ಪಾತ್ರೆಗೂ ಅದು ಕೂರುತ್ತಿರಲಿಲ್ಲ! ಮೂವತ್ತು ವರ್ಷ ತನ್ನ ಜೊತೆ ಸಂಸಾರ ಮಾಡಿದ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಒಗ್ಗರಣೆ ಸೌಟು. ಕಾರಣ ಕೇಳಿದ್ದಕ್ಕೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸದ್ದು ಜಾಸ್ತಿ, ಹಿಡಿಯೋದು ಒಂದು ಚಮಚ ಅಂದಳು. ಅದೇ ಸೌಟನ್ನು ಅವಳು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಎದುರು ಮನೆಗೆ ಹೊಸದಾಗಿ ಬಂದ ಸೊಸೆಯ ಕಥೆ ಕೇಳಬೇಕು. ಬಂದ ವಾರದಲ್ಲೇ ಆ ಹುಡುಗಿ ಹೆಪ್ಪು ಕೇಳಿಕೊಂಡು ಅತ್ತೆಯ ಮನೆ ಬಾಗಿಲಿಗೆ ಬಂದಳು. ಹಿತ್ತಲಲ್ಲಿದ್ದ ಅತ್ತೆ ನನಗೆ ಕೂಗಿ ಹೇಳಿದಳು: “ದೊಡ್ಡಪ್ಪನ್ನ ಬೂದಿ ಹಾಕಿ ಚೆನ್ನಾಗಿ ಉಜ್ಜಿ ಬಿಸಿಲಿಗೆ ಬೋರಲು ಹಾಕೇ. ಅಜ್ಜನ್ನ ಆಮೇಲೆ ನೋಡ್ಕಳಾಣ.” ನಾನು ಹೊರಗೆ ಬಂದು ನೋಡಿದರೆ ಹುಡುಗಿ ಇಲ್ಲ. ಹೆಪ್ಪಿನ ಬಟ್ಟಲು ಜಗಲಿಯ ಮೇಲಿದೆ, ಪಕ್ಕದಲ್ಲಿ ಒಂದು ಚಪ್ಪಲಿಯೂ ಇದೆ! ಆಮೇಲೆ ಅವಳ ಅತ್ತೆ ಬಿಡಿಸಿ ಹೇಳಿ ಕಳಿಸಬೇಕಾಯಿತು. ಅಂದಿನಿಂದ ಆ ಹುಡುಗಿ ದಿನಾ ಬರುವವಳೇ ಆದಳು.

ಹೆಪ್ಪಿನ ವಿಷಯಕ್ಕೆ ಬಂದೆವಲ್ಲ, ಅತ್ತೆಯ ಜಂಬವೆಲ್ಲ ಇದ್ದದ್ದು ಅದರಲ್ಲೇ. ಅದು ನಮ್ಮ ತವರಿನ ಹೆಪ್ಪು. ಎಮ್ಮೆದೊಡ್ಡಿ ಕಡೆಯ ನಮ್ಮ ಮನೆಯಿಂದ ಮದುವೆಯಾಗಿ ಹೊರಟಾಗ ಅಜ್ಜಿ ಒಂದು ಬಟ್ಟಲು ಹೆಪ್ಪನ್ನು ಮದುಮಗಳ ಕೈಗೆ ಕೊಟ್ಟಿದ್ದಳಂತೆ. ಕಡೂರಿನಲ್ಲಿ ರೈಲು ಹತ್ತಿದ ಬೀಗರ ದಂಡು ಮದುವೆಯ ಸುಸ್ತಿಗೆ ನಿದ್ದೆ ಹೋಗಿ, ಅಜ್ಜಂಪುರ ದಾಟಿ ಶಿವನಿಯಲ್ಲಿ ಇಳಿಯಿತು. ಇಡೀ ಡಬ್ಬಿಯಲ್ಲಿ ಎಚ್ಚರವಾಗಿದ್ದವಳು ಅತ್ತೆ ಒಬ್ಬಳೇ. ಹೊಸ ಸೊಸೆ ಊರು ಬಂತು ಎಂದು ಯಾರನ್ನು ತಟ್ಟಿ ಎಬ್ಬಿಸುತ್ತಾಳೆ ಪಾಪ? ತವರು ಬಿಟ್ಟು ಬರುವಾಗ ಅಳು ಬರಲಿಲ್ಲವಾ ಅತ್ತೆ ಅಂತ ನಾನೊಮ್ಮೆ ಕೇಳಿದ್ದೆ.

“ಬರದೆ ಏನು? ಒರೆಸ್ಕಳಾಕೆ ಕೈ ಬಿಡುವಿರ್ಲಿಲ್ಲ ಕಣೇ. ಎರಡು ಕೈಯಲ್ಲೂ ಹೆಪ್ಪು ಹಿಡ್ಕೊಂಡಿದ್ನಲ್ಲ.”

ಹೆಪ್ಪು ಅನ್ನುವುದು ಯೋಚಿಸಿದಷ್ಟೂ ಸೋಜಿಗ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಒಂದು ಚಮಚ ಕೊಟ್ಟು ತಾನು ಖರ್ಚಾಗುತ್ತದೆ, ಅಷ್ಟೇ. ಒಂದೇ ಒಂದು ದಿನ ಮರೆತರೆ ವಂಶವೇ ಮುಗಿಯಿತು. ನಮ್ಮ ತವರಿನಲ್ಲಿ ಅದು ಯಾವತ್ತೋ ಮುಗಿದಿದೆ. ಫ್ರಿಜ್ ಬಂತು, ಪ್ಯಾಕೆಟ್ ಮೊಸರು ಬಂತು, ಯಾರೂ ಕಣ್ಣೀರು ಹಾಕಲಿಲ್ಲ. ಉಳಿದದ್ದು ಅತ್ತೆಯ ಮನೆಯಲ್ಲಿ ಮಾತ್ರ. ಮಕ್ಕಳಿಲ್ಲದ ಅವಳು ಅದನ್ನು ದಾಟಿಸಬೇಕಾದದ್ದು ಅಣ್ಣನ ಮಗಳಾದ ನನಗೆ. ತರೀಕೆರೆಯಲ್ಲಿ ಟೀಚರಾಗಿ ಊರ ಮಕ್ಕಳಿಗೆಲ್ಲ ಜವಾಬ್ದಾರಿಯ ಪಾಠ ಹೇಳುವ ನನ್ನ ಯೋಗ್ಯತೆ ಕೇಳಿ. ಮೊದಲ ಸಲ ಕೊಟ್ಟ ಹೆಪ್ಪು ಬಸ್ಸಿನಲ್ಲಿ ಚೆಲ್ಲಿ ಹತ್ತನೇ ಕ್ಲಾಸಿನ ಉತ್ತರಪತ್ರಿಕೆಗಳ ಮೇಲೆ ಹರಿಯಿತು. ಎರಡನೆಯದು ಫ್ರಿಜ್ಜಿನ ಮೂಲೆಯಲ್ಲಿ ಹಸಿರು ಬೂಷ್ಟು ಹಿಡಿಯಿತು. ಮೂರನೆಯದನ್ನು ನಮ್ಮ ಯಜಮಾನರು ಮಜ್ಜಿಗೆ ಮಾಡಿ ಕುಡಿದರು! ಅತ್ತೆ ಮಾತ್ರ ಫೋನ್ ಮಾಡಿದಾಗಲೆಲ್ಲ ಮೊಮ್ಮಗುವನ್ನು ವಿಚಾರಿಸುವ ಹಾಗೆ ಹೆಪ್ಪು ಹೇಗಿದೆಯೇ ಅಂತ ಕೇಳುತ್ತಿದ್ದಳು. ಚೆನ್ನಾಗಿದೆ ಅತ್ತೆ, ಗಡ್ಡೆ ಗಡ್ಡೆ ಹೆಪ್ಪುಗಟ್ಟುತ್ತೆ ಅಂತ ನಾನು ಪ್ಯಾಕೆಟ್ ಕತ್ತರಿಸುತ್ತಲೇ ಹೇಳುತ್ತಿದ್ದೆ.

ಒಂದು ದಿನ ತನ್ನದೂ ಒಂದು ಪಾತ್ರೆ ಆಗಿಬಿಡಲಿ ಅಂತ ನನ್ನನ್ನು ಕಡೂರಿನ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದಳು. ಬದುಕಿರುವವರು ಯಾರಾದರೂ ತಮ್ಮ ಜ್ಞಾಪಕಾರ್ಥ ತಾವೇ ಕೊಳ್ಳುತ್ತಾರಾ? ನಾನು ಬೈದೆ. ಅಷ್ಟು ಹೆಸರು ಉಳಿಯಬೇಕೆಂದರೆ ನಮ್ಮ ಇನ್ನೊಬ್ಬ ನೆಂಟರ ಹಾಗೆ ಸಮುದಾಯ ಭವನಕ್ಕೆ ಫ್ಯಾನು ಕೊಡು, ರೆಕ್ಕೆ ಮೇಲೆ ಹೆಸರು ಬರೆಸುತ್ತಾರೆ ಅಂದೆ. ಫ್ಯಾನು ತಿರುಗಿದರೆ ಹೆಸರು ಕಾಣಲ್ಲ, ನಿಂತರೆ ಉಣ್ಣೋರು ಹೆಸರು ಹಿಡಿದು ಬೈತಾರೆ ಅಂತ ಅತ್ತೆ ಅದನ್ನು ಅಲ್ಲೇ ಮುಗಿಸಿದಳು. ಕೊಳಗ ತೋರಿಸಿದರೆ ಬೇಡ, ಕೊಡಪಾನ ತೋರಿಸಿದರೆ ಬೇಡ. ಎರಡು ಗಂಟೆ ಅಂಗಡಿಯವನನ್ನು ಏಣಿ ಹತ್ತಿಸಿ ಇಳಿಸಿ ಕೊನೆಗೆ ಕೈಗೆತ್ತಿಕೊಂಡದ್ದು ಅಂಗೈಯಗಲದ ಒಂದು ಮುಚ್ಚಳದ ಡಬ್ಬಿ. ಹೆಪ್ಪು ಕೊಡುವುದಕ್ಕೆ ಸರಿಹೋಗುತ್ತೆ, ದಿನಾ ಒಂದು ಮನೆ ತಿರುಗಿ ಬರುತ್ತೆ ಅಂದಳು.

ಹೆಸರೇನು ಹೊಡೆಯಲಿ ಅಂತ ಅವನು ಕೇಳಿದ. ಅತ್ತೆ ಸ್ವಲ್ಪ ಯೋಚಿಸಿ, ನನ್ನ ಹೆಸರು ಹಿಡಿದು ಕರೆಯುವವರೆಲ್ಲ ಹೋಗಿ ಆಯಿತು, ಬೀದಿಗೆಲ್ಲ ನಾನು ಅತ್ತೆ, ‘ಅತ್ತೆ’ ಅಂತಲೇ ಹೊಡಿ ಅಂದಳು. ಅವನು ಮೆಷಿನ್ನನ್ನು ಗರ್ರ್ ಅನ್ನಿಸಿ ಡಬ್ಬಿ ಕೈಗಿಟ್ಟ. ನೋಡಿದರೆ ‘ಲಿಂ॥ ಅತ್ತೆ’! ದಿನಾ ಹೊಡೆದು ಹೊಡೆದು ಕೈ ತಾನಾಗಿ ಎರಡು ಗೀಟು ಎಳೆದುಬಿಟ್ಟಿತ್ತು. ಎದುರಿಗೇ ಕಡಲೆಪುರಿ ಮೆಲ್ಲುತ್ತಾ ಕೂತವಳನ್ನು ಲಿಂಗೈಕ್ಯ ಮಾಡಿದ್ದಕ್ಕೆ ನಾನು ಅವನ ಮೇಲೆ ಹರಿಹಾಯ್ದೆ. ಅತ್ತೆ ನನ್ನ ಕೈ ಹಿಡಿದಳು.

“ಇರ್ಲಿ ಬಿಡೇ. ಹೆಂಗೂ ಹಾಕ್ಸಾದೇ. ಆಮೇಲೆ ಯಾರು ಹಾಕುಸ್ತೀರೋ ಇಲ್ವೋ.”

ನಗುತ್ತಲೇ ಅಂದಳು. ನಾನು ಜಗಳ ಬಿಟ್ಟು ದುಡ್ಡು ಎಣಿಸಿ ಕೊಟ್ಟೆ. ಆಮೇಲೆ ಆರು ವರ್ಷ ಲಿಂಗೈಕ್ಯ ಅತ್ತೆ ಬೀದಿಯ ಮನೆಮನೆಗೂ ಹೋಗಿ ಬಂದಳು. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಡಬ್ಬಿಯಲ್ಲಿ ಒಮ್ಮೆ ಚಿಟಿಕೆ ಸಕ್ಕರೆ, ಒಮ್ಮೆ ಎರಡು ಹಸಿಮೆಣಸಿನಕಾಯಿ ಕೂತು ಬರುತ್ತಿದ್ದವು. ಅತ್ತೆ ಎಲ್ಲಿ ಅಂದರೆ ಬೀದಿಯ ಜನ, ಯಾವ ಅತ್ತೆ, ಕೂತಿರೋರಾ ತಿರುಗೋರಾ ಅಂತ ಕೇಳುತ್ತಿದ್ದರು.

ಹೋದ ಮಾಘದಲ್ಲಿ ಕೂತಿರೋ ಅತ್ತೆ ಹೊರಟುಹೋದಳು. ಬೆಳಿಗ್ಗೆ ಹಾಲು ಕಾಯಿಸಿಟ್ಟು ಜಗಲಿಯಲ್ಲಿ ಕೂತವಳು ಏಳಲೇ ಇಲ್ಲ. ಶಿವಗಣಾರಾಧನೆಯ ದಿನ ಅಡುಗೆಗೆ ಅವಳ ಪಾತ್ರೆಗಳೇ ಹೊರಗೆ ಬಂದವು. ಅಜ್ಜ ಬೇಳೆ ಬೇಯಿಸಿದ, ದೊಡ್ಡಪ್ಪ ಕೊನೆಗೂ ಬಾಡಿಗೆ ಪಾತ್ರೆಯೊಂದಕ್ಕೆ ಸರಿಯಾಗಿ ಕೂತ, ಮಾವನನ್ನು ಮೊದಲ ಸಲ ನಾನು ಹಿಡಿದು ಒಗ್ಗರಣೆ ಹಾಕಿದೆ.

ಎಲ್ಲರೂ ಹೋದಮೇಲೆ ಮೊಸರಿನ ಪಾತ್ರೆ ಹುಡುಕಿದೆ. ಮನೆ ತೊಳೆದವರು ಅದನ್ನೂ ತೊಳೆದು ಬೋರಲು ಹಾಕಿದ್ದರು. ಹೆಪ್ಪಿನ ಡಬ್ಬಿಯೂ ಕಾಣಲಿಲ್ಲ. ಅಜ್ಜಿಯ ಕೈಯಿಂದ ರೈಲು ಹತ್ತಿ ಬಂದದ್ದು ಇಲ್ಲಿಗೆ ನಿಂತಿತು, ನಿಲ್ಲಿಸಿದವಳು ನಾನೇ ಅನ್ನಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇನ್ನು ಸುಳ್ಳು ಹೇಳುವುದಕ್ಕೂ ಫೋನಿನ ಆ ಕಡೆ ಯಾರೂ ಇರಲಿಲ್ಲ.

ಆಗ ಎದುರು ಮನೆಯ ಸೊಸೆ ಹಿತ್ತಲ ಬಾಗಿಲಿನಿಂದ ಬಂದಳು. ಕೈಯಲ್ಲಿ ಡಬ್ಬಿ ಇತ್ತು.

“ಅತ್ತೆ ನಮ್ಮನೇಲೇ ಇದ್ರು ಅಕ್ಕ. ಖಾಲಿ ಕೊಡಬಾರ್ದು ಅಂತ ಹೆಪ್ಪು ಹಾಕಿದೀನಿ. ಅವರದೇ ಹೆಪ್ಪು, ನಾನು ಒಂದು ದಿನಾನೂ ಬಿಟ್ಟಿಲ್ಲ.” ಡಬ್ಬಿಯನ್ನು ನನ್ನ ಕೈಗಿಟ್ಟು ಸೇರಿಸಿದಳು. “ನಮ್ಮಣ್ಣನ ಮಗಳ ಹತ್ರ ಹೆಪ್ಪಿಲ್ಲ, ಇದೆ ಅಂತ ಸುಳ್ಳು ಹೇಳ್ತಾಳೆ ಪಾಪ, ನಾನಿಲ್ದಾಗ ಬಂದ್ರೆ ನೀನು ಕೊಡು ಅಂದಿದ್ರು.”

ಎಲ್ಲ ಗೊತ್ತಿತ್ತು ಅವಳಿಗೆ! ಗೊತ್ತಿದ್ದೂ ಪ್ರತಿ ಸಲ ಹೆಪ್ಪು ಹೇಗಿದೆಯೇ ಅಂತ ಕೇಳಿದ್ದಳು, ನಾನು ಹೇಳಿದ್ದನ್ನೆಲ್ಲ ನಂಬಿದಂತೆ ಕೇಳಿಸಿಕೊಂಡಿದ್ದಳು.

ಸಂಜೆ ತರೀಕೆರೆ ಬಸ್ಸು ಹತ್ತಿದೆ. ಡಬ್ಬಿಯನ್ನು ಬ್ಯಾಗಿಗೆ ಹಾಕಲಿಲ್ಲ. ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, ಇಷ್ಟು ಭದ್ರವಾಗಿ ಹಿಡಕೊಂಡಿದೀರಲ್ಲ, ಏನದು ಅಂತ ಕೇಳಿದರು. ನಮ್ಮತ್ತೆ ಅಂದೆ. ಅವರು ಮುಚ್ಚಳದ ಮೇಲಿನ ಅಕ್ಷರ ಓದಿ ಸ್ವಲ್ಪ ಸರಿದು ಕೂತರು. ರಸ್ತೆ ಕುಲುಕುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.