ಡ್ರಾಯರಿನಲ್ಲಿ ಮೂರೂವರೆ ಗಂಟೆ

ಹಲ್ಸೆಟ್ ಮಾಸ್ತರರ ಹೆಬ್ಬೆರಳು ಮೊದಲೇ ದಪ್ಪ. ದಿನವಿಡೀ ಪ್ಲಾಸ್ಟರ್ ಮೆತ್ತಿಕೊಂಡು ಒಣಗಿ ಅದು ಇನ್ನೊಂದು ಸುತ್ತು ದಪ್ಪವಾಗಿರುತ್ತದೆ. ಅವತ್ತು ಹನ್ನೊಂದು ಗಂಟೆಗೆ ಆ ಹೆಬ್ಬೆರಳು ಫೋನಿನ ಮೇಲೆ ಕೂದಲೆಳೆಯಷ್ಟು ಜಾರಿ, ‘ಎಲ್ಲರಿಗೂ ಅಳಿಸಿ’ ಎಂಬಲ್ಲಿ ಒತ್ತುವ ಬದಲು ‘ನನಗೆ ಮಾತ್ರ ಅಳಿಸಿ’ ಎಂಬಲ್ಲಿ ಒತ್ತಿತು. ಮೆಸೇಜು ಮಾಸ್ತರರ ಫೋನಿನಿಂದ ಮಾಯವಾಯಿತು. ಯಾರ ಫೋನಿನಿಂದ ಮಾಯವಾಗಬೇಕಿತ್ತೋ ಅಲ್ಲಿ ಮಾತ್ರ ಬಾಡಿಗೆ ಮನೆ ಬಿಡದ ಹಟಮಾರಿಯ ಹಾಗೆ ಕೂತೇ ಇತ್ತು.

ಮಾಸ್ತರು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ಊರವರ ಬಾಯಿಗೆಲ್ಲ ನಗು ಮಾಡಿ ಕಳಿಸುವುದು ಅವರ ಕೆಲಸ. ತಮ್ಮ ಬಾಯಿ ತೆರೆಯುವ ಕೆಲಸ ಮಾತ್ರ ಅವರಿಗೆ ಒಗ್ಗಿರಲಿಲ್ಲ. ಅವರ ಎದುರು ಬೆಂಚಿನಲ್ಲಿ ಮೊದಲು ಕೂರುತ್ತಿದ್ದಾಕೆ ಬಣ್ಣದ ಮೇಡಂ. ಉಳಿದವರಿಗೆಲ್ಲ ಹಲ್ಲೆಂದರೆ ಬಿಳಿ, ಆಕೆಗೆ ಬಿಳಿಯೊಳಗೇ ಹದಿನಾರು ಬಣ್ಣ. ಮಾಸ್ತರು ಮಾಡಿದ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವವರ ಬಾಯಿ, ಇಷ್ಟು ಬೆಳ್ಳಗಿದ್ದರೆ ಯಾರು ನಂಬುತ್ತಾರೆ ಮಾಸ್ತರೇ ಎನ್ನುತ್ತಿದ್ದಳು. ಮೂರು ವರ್ಷದ ಹಿಂದೆ ಆಕೆ ಊರಿನ ಆ ತುದಿಯ ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋದಳು. ಹೊರಟ ದಿನ ಮಾಸ್ತರು ಹೇಳಬೇಕೆಂದಿದ್ದದ್ದು ಒಂದು, ಬಾಯಿಂದ ಬಂದದ್ದು, “ಅಲ್ಲಿಗೆ ಬಸ್ಸು ಸಿಗುತ್ತಲ್ಲ?”

ಆಮೇಲೆ ಉಳಿದದ್ದು ಶನಿವಾರದ ಫೋನು. ಯಾವ ಸೆಟ್ಟು ಯಾವತ್ತು ಬರುತ್ತದೆಂದು ಕೇಳಲು ಆಕೆ ಕ್ಲಿನಿಕ್ಕಿನಿಂದ ಮಾಡುತ್ತಿದ್ದಳು. ನಾಲ್ಕು ನಿಮಿಷ ಕೆಲಸದ ಮಾತು, ಕೊನೆಗೊಂದು “ಊಟ ಆಯ್ತಾ ಮಾಸ್ತರೇ.” ಆ ಊಟದ ಮಾತಿನಲ್ಲೇ ಮಾಸ್ತರು ಇನ್ನೊಂದು ವಾರ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು.

ಆ ಕ್ಲಿನಿಕ್ಕಿನ ಡಾಕ್ಟರದೊಂದು ಕಟ್ಟಳೆ. ಒಂಬತ್ತಕ್ಕೆ ಎಲ್ಲರೂ ತಮ್ಮ ಫೋನನ್ನು ಮುಂಬಾಗಿಲ ಮೇಜಿನ ಡ್ರಾಯರಿನಲ್ಲಿಟ್ಟುಬಿಡಬೇಕು, ಒಂದು ಗಂಟೆಗೆ ತೆಗೆಯಬೇಕು. ಬೀಗದ ಕೈ ಆಯಮ್ಮನ ಸೊಂಟದಲ್ಲಿ. ಇದು ತಿಳಿದ ಮೇಲೆ ಮಾಸ್ತರರಿಗೊಂದು ಚಟ ಹತ್ತಿತು. ಬೆಳಿಗ್ಗೆ ಒಂಬತ್ತೂಕಾಲಿಗೆ ಮನಸ್ಸಿನಲ್ಲಿದ್ದದ್ದನ್ನು ಆಕೆಗೆ ಬರೆದು ಕಳಿಸುವುದು, ಹನ್ನೆರಡೂ ಮುಕ್ಕಾಲಿಗೆ ಅಳಿಸಿಬಿಡುವುದು. ಮೂರೂವರೆ ಗಂಟೆ ತಮ್ಮ ಮಾತು ಆಕೆಯ ಡ್ರಾಯರಿನ ಕತ್ತಲಲ್ಲಿ, ಬಹುಶಃ ಆಕೆಯ ಕರ್ಚೀಫಿನ ಪಕ್ಕದಲ್ಲಿ, ಬೆಚ್ಚಗೆ ಇತ್ತಲ್ಲ ಎಂಬುದಷ್ಟೇ ಲಾಭ. ಬಹುತೇಕ ದಿನ ಬರೆದದ್ದು ಹವೆಯ ಸುದ್ದಿ, ಬೆಂಚಿನ ಸುದ್ದಿ. ಇವತ್ತು ಮಾತ್ರ ಏನಾಯಿತೋ, ಹೀಗೆ ಬರೆದಿದ್ದರು: ‘ನೀವು ಹೋದ ಮೇಲೆ ನನಗೆ ಎಲ್ಲ ಹಲ್ಲೂ ಒಂದೇ ಬಣ್ಣ ಕಾಣ್ತವೆ. ಉಳಿದ ದಿನ ನನ್ನ ಜೊತೆ ಇರ್ತೀರಾ?’ ಕಳಿಸಿ ಎರಡು ಗಂಟೆಯೊಳಗೆ ಧೈರ್ಯ ಬತ್ತಿ, ಬೇಗನೇ ಅಳಿಸಲು ಹೋಗಿ ಈ ಗತಿ.

ಓದಿದರೆ ಆಕೆ ಏನೆಂದುಕೊಂಡಾಳು? ಶನಿವಾರದ ಫೋನು ಇನ್ನು ಬೇರೆ ಯಾರಾದರೂ ಮಾಡಿಯಾರು. ಊಟ ಆಯ್ತಾ ಎಂದು ಕೇಳುವವರೇ ಇಲ್ಲವಾದಾರು. ಮಾಸ್ತರರ ಮುಖ ಕೈಯಲ್ಲಿದ್ದ ಪ್ಲಾಸ್ಟರಿನ ಅಚ್ಚಿಗಿಂತ ಬಿಳಿಚಿತು.

ಪಕ್ಕದ ಬೆಂಚಿನಲ್ಲಿ ಮೇಣ ಕರಗಿಸುತ್ತಿದ್ದ ಮೇಣದಕ್ಕ ಅದನ್ನು ನೋಡಿದರು. ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಅರ್ಧ ಕತೆ, ಗದರಿದಾಗ ಪೂರ್ತಿ ಕತೆ ಹೊರಬಿತ್ತು. ಪಾಲಿಶ್ ಮೆಶಿನ್ನಿನಲ್ಲಿದ್ದ ಭಾವನೂ (ಯಾರಿಗೂ ಭಾವನಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದರು) ಮೆಶಿನ್ ನಿಲ್ಲಿಸಿ ಬಂದ. ಅವನಿಗೆ ಎಲ್ಲದಕ್ಕೂ ಒಂದು ಉಪಾಯ ಗೊತ್ತು.

“ಮೇಲೆ ಇನ್ನೊಂದಿಷ್ಟು ಹಾಕಿ ಮುಚ್ಚಿಬಿಡಿ,” ಎಂದ. “ಗುಡ್ಡೆ ಹಾಕಿದ್ರೆ ಅಡಿಯಲ್ಲಿರೋದು ಯಾರಿಗೆ ಕಾಣುತ್ತೆ?”

ಮಾಸ್ತರರ ಫೋನು ಕಸಿದುಕೊಂಡು ತಾನೇ ಗುಡ್ಡೆ ಹಾಕಿದ. ಸೂರ್ಯೋದಯ, ಗುಲಾಬಿ, ಶುಭದಿನ ಹೇಳುವ ಗಿಣಿ, ಬುಟ್ಟಿಯಲ್ಲಿ ಕೂತ ಬೆಕ್ಕಿನ ಮರಿ. ಒಟ್ಟು ಇಪ್ಪತ್ತಾರು ಚಿತ್ರ. ಅವಸರದಲ್ಲಿ ಯಾರದೋ ಹಲ್ಲಿಲ್ಲದ ಮೇಲ್ದವಡೆಯ ಫೋಟೋ ಒಂದೂ ಸೇರಿಹೋಯಿತು. ಮೇಣದಕ್ಕ ನೋಡಿ ಹಣೆ ಚಚ್ಚಿಕೊಂಡರು. ಮೂರು ವರ್ಷ ಬಾಯಿ ಬಿಡದ ಗಂಡಸು ಇದ್ದಕ್ಕಿದ್ದಂತೆ ಇಪ್ಪತ್ತಾರು ಹೂವು ಹಣ್ಣು ಕಳಿಸಿದರೆ ಯಾವ ಹೆಂಗಸು ಅಡಿಯವರೆಗೆ ಕೆದಕಿ ನೋಡದೆ ಬಿಡುತ್ತಾಳೆ ಎಂದು ಭಾವನನ್ನು ಕೇಳಿದರು. ಆಮೇಲೆ ಮಾಸ್ತರರ ಕಡೆ ತಿರುಗಿ, ಯಾವುದಾದರೂ ಸೆಟ್ಟು ಕೊಡುವ ನೆಪ ಮಾಡಿಕೊಂಡು ನೀವೇ ಹೋಗಿ, ಆಯಮ್ಮನ ಕಾಲಾದರೂ ಹಿಡಿಯಿರಿ ಎಂದು ಎಬ್ಬಿಸಿದರು.

ಕೈಗೆ ಸಿಕ್ಕಿದ ಪೊಟ್ಟಣ ಹಿಡಿದು ಮಾಸ್ತರು ಬಸ್ಸು ಹತ್ತಿದರು. ಕ್ಲಿನಿಕ್ಕು ಮುಟ್ಟಿದಾಗ ಹನ್ನೆರಡೂಕಾಲು. ಮೇಜಿನ ಹಿಂದೆ ಬಣ್ಣದ ಮೇಡಂ ಕೂತಿದ್ದಳು, ಡ್ರಾಯರಿಗೆ ಮೊಣಕಾಲು ತಾಗಿಸಿಕೊಂಡು. ಕಿವಿಯ ಹತ್ತಿರ ನಾಲ್ಕು ಕೂದಲು ನರೆತಿದ್ದವು. ಅದು ಬಿಳಿಯ ಎಷ್ಟನೆಯ ಬಣ್ಣವಿರಬಹುದು ಎಂದು ಮಾಸ್ತರು ಒಂದು ಗಳಿಗೆ ಬಂದ ಕೆಲಸವನ್ನೇ ಮರೆತರು. ಆಕೆ ಪೊಟ್ಟಣದ ಚೀಟಿ ಓದಿ, ಇದು ನಮ್ಮದಲ್ಲವಲ್ಲ ಮಾಸ್ತರೇ, ಬೇರೆ ಕ್ಲಿನಿಕ್ಕಿನದು ಎಂದಳು.

ಮಾಸ್ತರು ಕೈ ತೊಳೆದುಕೊಂಡು ಬರುವೆನೆಂದು ಹಿಂದಿನ ಓಣಿಗೆ ನುಸುಳಿದರು. ಅಲ್ಲಿ ಟ್ರೇ ಉಜ್ಜುತ್ತಿದ್ದ ಆಯಮ್ಮನಿಗೆ ಕಷ್ಟ ಹೇಳಿಕೊಂಡರು. ಮೇಡಂ ಫೋನಿಗೆ ಒಂದು ತಪ್ಪು ಮೆಸೇಜು ಹೋಗಿದೆ, ಅವರು ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಬೆಳಗಿನಿಂದ ನನ್ನ ಹೆಸರಲ್ಲಿ ಬಂದದ್ದನ್ನೆಲ್ಲ ತೆಗೆದುಹಾಕಬೇಕು ಎಂದರು. ಆಯಮ್ಮ ಮೇಲಿನಿಂದ ಕೆಳಗಿನವರೆಗೆ ಅವರನ್ನು ನೋಡಿದಳು. ಮೇಡಂ ಫೋನಿನ ಗುಟ್ಟಿನ ನಂಬರೂ ಅವಳಿಗೆ ಗೊತ್ತಿತ್ತು, ಕಣ್ಣೆದುರೇ ಒತ್ತುತ್ತಾರಂತೆ.

“ಅವರು ಅಲ್ಲೇ ಕೂತಿದ್ರೆ ನಾನು ಡ್ರಾಯರು ಹೇಗಪ್ಪಾ ತೆಗೀಲಿ?” ಎಂದಳು. “ಪೇಷಂಟು ಕುರ್ಚಿಗೆ ಬಂದ್ರೆ ಮಾತ್ರ ಡಾಕ್ಟ್ರು ಅವರನ್ನ ಒಳಗೆ ಕರೀತಾರೆ. ಈಗ ಪೇಷಂಟೇ ಇಲ್ಲ.”

ಹೀಗೆ ಮಾಸ್ತರರಿಗೆ ಹಲ್ಲುನೋವು ಬಂತು.

ಬೆಳಗಿನಿಂದ ಬೋಣಿಯಾಗದೆ ಕೂತಿದ್ದ ಡಾಕ್ಟರು ಹೊಸ ಅಳಿಯ ಬಂದ ಹಾಗೆ ಎದುರುಗೊಂಡರು. ಬಣ್ಣದ ಮೇಡಂ ಒಳಬಂದು ದೀಪ ಬಾಗಿಸಿ ಹಿಡಿದಳು. ಯಾವ ಹಲ್ಲು ಎಂದರೆ ಮಾಸ್ತರು ಯಾವುದೋ ಒಂದನ್ನು ತೋರಿಸಿದರು. ಡಾಕ್ಟರು ಕುಟ್ಟಿ ನೋಡಿ, ಏನೂ ಆಗಿಲ್ಲವಲ್ಲ ಎಂದರು. ಆಕೆಯೂ ಇಣುಕಿ, ಒಳ್ಳೇ ಹಲ್ಲು, ಬಣ್ಣ ಕೂಡ ಕೆಟ್ಟಿಲ್ಲ ಎಂದಳು. ಹೊರಗೆ ಡ್ರಾಯರು ಎಳೆದ ಸದ್ದು ಇನ್ನೂ ಕೇಳಿರಲಿಲ್ಲ. ಆಕೆ ಹೊರಡಲು ತಿರುಗಿದಳು. ಮಾಸ್ತರು ದವಡೆ ಹಿಡಿದು ನರಳಿದರು. ಒಂದು ಸಲವಲ್ಲ, ಮೂರು ಸಲ. ಅಷ್ಟೊಂದು ನೋವಿದ್ದರೆ ಬೇರಿನಲ್ಲಿ ಏನೋ ಇರಬೇಕು, ಕಿತ್ತುಬಿಡೋಣ ಎಂದು ಡಾಕ್ಟರು ಸೂಜಿ ತೆಗೆದುಕೊಂಡರು.

ಸೂಜಿ ಇಳಿಯುವಾಗ ಆಕೆ ಎಡಗೈಯನ್ನು ಮಾಸ್ತರರ ಹಣೆಯ ಮೇಲಿಟ್ಟು ಒತ್ತಿ ಹಿಡಿದಳು, ಅಲ್ಲಾಡಬಾರದೆಂದು. ಅಂಗೈ ತಣ್ಣಗಿತ್ತು, ಸ್ವಲ್ಪ ಸೋಪಿನ ವಾಸನೆ ಇತ್ತು. ಮೂರು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದು ಇವತ್ತೇ, ಅದೂ ತಮ್ಮ ಬಾಯಿ ಬಾವಿಯಂತೆ ತೆರೆದಿರುವಾಗ. ಇನ್ನೂ ಎರಡು ಹಲ್ಲು ಹೋದರೂ ಹೋಗಲಿ ಅನ್ನಿಸಿತು. ಇಕ್ಕಳ ಒಳಗೆ ಹೋಯಿತು. ಆ ಹೊತ್ತಿಗೆ ಹೊರಗೆ ಡ್ರಾಯರು ಕಿರ್ ಎಂದಿತು, ಸ್ವಲ್ಪ ಹೊತ್ತಿಗೆ ಮತ್ತೆ ಕಿರ್ ಎಂದು ಮುಚ್ಚಿತು. ಗಟ್ಟಿಮುಟ್ಟಾದ ಹಲ್ಲೊಂದು ಟ್ರೇಯಲ್ಲಿ ಟಣ್ಣೆಂದು ಬಿತ್ತು.

ಒಂದು ಗಂಟೆ. ಮಧ್ಯಾಹ್ನದ ಪೇಷಂಟುಗಳು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಬಾಯಿ ತುಂಬ ಹತ್ತಿ, ನಾಲಿಗೆ ಮರದ ತುಂಡು; ಮಾಸ್ತರು ಮೇಜಿನ ಮುಂದಿನ ಕುರ್ಚಿಯಲ್ಲಿ ಗೆದ್ದವರ ಹಾಗೆ ಕೂತಿದ್ದರು. ಆಯಮ್ಮ ಬೀಗ ತೆಗೆದಳು. ಬಣ್ಣದ ಮೇಡಂ ತನ್ನ ಫೋನು ತೆಗೆದು ನೋಡಿದಳು. ಮತ್ತೆ ನೋಡಿದಳು. ಮುಖ ಸಣ್ಣದಾಯಿತು.

“ಇವತ್ತು ಏನೂ ಇಲ್ವಲ್ಲ ಮಾಸ್ತರೇ,” ಎಂದಳು, ದನಿ ತಗ್ಗಿಸಿ.

ಮಾಸ್ತರು ಕಣ್ಣು ಬಿಟ್ಟರು.

“ನೀವು ಅಳಿಸಿದ್ರೂ ‘ಈ ಮೆಸೇಜು ಅಳಿಸಲಾಗಿದೆ’ ಅಂತ ಒಂದು ಸಾಲು ಉಳಿಯುತ್ತೆ, ಗೊತ್ತಿಲ್ವಾ? ಮೂರು ವರ್ಷದಿಂದ ದಿನಾ ಒಂದು ಗಂಟೆಗೆ ಅದನ್ನೇ ನೋಡ್ತೀನಿ. ಏನು ಬರೆದಿದ್ರೋ ಅಂತ ಯೋಚಿಸ್ತಾ ಊಟ ಮಾಡ್ತೀನಿ. ಒಂದು ದಿನ ಅಳಿಸೋದು ಮರೀತೀರಿ, ಅವತ್ತು ಓದಿದ ತಕ್ಷಣ ಹೂಂ ಅಂದುಬಿಡೋಣ ಅಂತಿದ್ದೆ. ಇವತ್ತು ಆ ಸಾಲೂ ಇಲ್ಲ. ಬರೆಯೋದೇ ನಿಲ್ಸಿದ್ರಾ?”

ಮಾಸ್ತರು ಏನೋ ಹೇಳಿದರು. ಹತ್ತಿಯೊಳಗಿಂದ ಅದು ಹಿಟ್ಟಿನ ಮೂಟೆಗೆ ಗುದ್ದಿದ ಹಾಗೆ ಕೇಳಿಸಿತು. ಗಡಬಡಿಸಿ ಫೋನು ತೆಗೆದರು, ಬೆಳಗಿನ ಎರಡು ಸಾಲನ್ನು ಒಂದಕ್ಷರ ಬಿಡದೆ ಮತ್ತೆ ಬರೆದರು. ಕಳಿಸಿದರು. ಆಕೆ ತನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ಫೋನು ಮಿಸುಕಲಿಲ್ಲ.

“ಇದನ್ನ ಕಳಿಸೋ ಮೊದಲೇ ಅಳಿಸಿಬಿಟ್ರಾ?” ಎಂದಳು ಮೆಲ್ಲಗೆ. “ನಾನು ಎದುರಿಗೆ ಕೂತಿರುವಾಗಲೇ?”

ಫೋನನ್ನು ಅವಳ ಕಡೆ ತಿರುಗಿಸಬೇಕೆಂದು ಮಾಸ್ತರರಿಗೆ ಹೊಳೆಯುವಷ್ಟರಲ್ಲಿ ಡಾಕ್ಟರು ಕರೆದರು. ಆಕೆ ಎದ್ದು ಮುಂದಿನ ಪೇಷಂಟನ್ನು ಕರೆದುಕೊಂಡು ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು.

ಆಯಮ್ಮ ಪಕ್ಕಕ್ಕೆ ಬಂದು ಬಾಗಿದಳು. ಮುಖದಲ್ಲಿ ಉಪಕಾರ ಮಾಡಿದ ಕಳೆ.

“ಎಲ್ಲಾ ತೆಗೆದುಹಾಕಿದೀನಿ. ಇನ್ನೊಂದು ಸಲ ತಪ್ಪಿಯೂ ಹೋಗಬಾರದು ಅಂತ ನಿಮ್ಮ ನಂಬರೂ ಬ್ಲಾಕ್ ಮಾಡಿದೀನಿ. ಇನ್ನು ನೀವು ಏನು ಬರೆದ್ರೂ ಅವರಿಗೆ ಹೋಗಲ್ಲ, ನಿಶ್ಚಿಂತೆಯಿಂದಿರಿ.”

ಮಾಸ್ತರು ಎದ್ದು ನಿಂತರು. ಜನ್ಮದಲ್ಲಿ ಮೊದಲ ಸಲ, ಮೇಡಂ ಎನ್ನದೆ, ಅವಳ ಹೆಸರು ಹಿಡಿದು ಕೂಗಿದರು. ಹೊರಬಂದ ಸದ್ದಿಗೆ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಮುಚ್ಚಿದ ಬಾಗಿಲ ಆಚೆಯಿಂದ ಆಕೆಯ ದನಿ ಕೇಳಿಸಿತು:

“ಆಯಮ್ಮಾ, ಮಾಸ್ತರರಿಗೆ ತುಂಬಾ ನೋವಾಗ್ತಿದೆ ಅಂತ ಕಾಣುತ್ತೆ. ಒಂದು ಮಾತ್ರೆ ಕೊಟ್ಟು ಬಸ್ಸಿಗೆ ಹತ್ತಿಸಿ ಬನ್ನಿ.”